ಶನಿಯ ಉಂಗುರ ಎಲ್ಲಿ ಹೋಯ್ತು?

ಪ್ರಶ್ನೆ: ಪುಸ್ತಕದಲ್ಲಿ ಶನಿಗ್ರಹಕ್ಕೆ ಅಗಲವಾದ ಉಂಗುರ ಇದೆ. ಆದರೆ 2025ರ ನವೆಂಬರ್‌ನಲ್ಲಿ ಟೆಲಿಸ್ಕೋಪ್‌ನಲ್ಲಿ ನೋಡಿದರೆ ಅಡ್ಡಕ್ಕೆ ಒಂದು ಗೆರೆ ಅಷ್ಟೇ ಇತ್ತು. ಉಂಗುರ ಎಲ್ಲಿ ಹೋಯ್ತು? ಮತ್ತೆ, ಶನಿಯನ್ನು ನೋಡಬಾರದು ಅಂತಾರೆ ನಮ್ಮ ಅಜ್ಜಿ, ನಿಜವಾ?
— 6ನೇ ತರಗತಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪುಟ್ಟಿ, ನೀನು ನೋಡಿದ ಆ ಗೆರೆಯೇ ಉಂಗುರ! ಊಟದ ಸ್ಟೀಲ್ ತಟ್ಟೆ ತಗೊಂಡು ಕಣ್ಣಿನ ನೇರಕ್ಕೆ ಅಡ್ಡ ಹಿಡಿ. ಬರೀ ಅಂಚು ಕಾಣುತ್ತದೆ, ಅಲ್ವಾ? ಸ್ವಲ್ಪ ವಾಲಿಸು, ಪೂರ್ತಿ ತಟ್ಟೆ ಕಾಣುತ್ತದೆ. ಶನಿ ಸುಮಾರು 27 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ, ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಆ ಸುತ್ತಿನಲ್ಲಿ ಎರಡು ಸಲ ಉಂಗುರದ ಅಂಚು ನಮ್ಮ ಕಡೆ ಬರುತ್ತದೆ. 2025ರ ಮಾರ್ಚ್‌ನಲ್ಲಿ ಹಾಗೇ ಆಯಿತು. ನವೆಂಬರ್‌ನಲ್ಲೂ ಹೆಚ್ಚುಕಮ್ಮಿ ಹಾಗೇ ಇತ್ತು.

ಗೆಲಿಲಿಯೋಗೂ ಇದೇ ಗೊಂದಲ ಆಗಿತ್ತು. 1610ರಲ್ಲಿ ಶನಿಯ ಎರಡೂ ಪಕ್ಕ ಒಂದೊಂದು ಉಂಡೆ ಇದ್ದ ಹಾಗೆ ಕಂಡಿತ್ತು. 1612ರಲ್ಲಿ ನೋಡಿದರೆ ಎರಡೂ ಮಾಯ! 1659ರಲ್ಲಿ ಹಾಲೆಂಡಿನ ವಿಜ್ಞಾನಿ ಹೈಗೆನ್ಸ್, ಅದು ಗ್ರಹಕ್ಕೆ ಎಲ್ಲೂ ತಾಗದ ಚಪ್ಪಟೆ ಉಂಗುರ ಅಂತ ಬಿಡಿಸಿ ಹೇಳಿದರು. ತಾಗುವುದಿಲ್ಲ ಅನ್ನುವುದು ಎಷ್ಟು ನಿಜ ಅಂದರೆ, 2017ರಲ್ಲಿ ಕ್ಯಾಸಿನಿ ಅನ್ನುವ ಬಾಹ್ಯಾಕಾಶ ನೌಕೆ ಗ್ರಹಕ್ಕೂ ಉಂಗುರಕ್ಕೂ ನಡುವಿನ ಸಂದಿಯಲ್ಲೇ 22 ಸಲ ನುಸುಳಿ ಹೋಯಿತು.

ಇನ್ನೊಂದು ಮಾತು, ಉಂಗುರ ತಟ್ಟೆಯ ಹಾಗೆ ಗಟ್ಟಿ ಅಲ್ಲ. ಪೂರ್ತಿ ಚೂರುಗಳು. ಜಾಸ್ತಿ ಮಂಜುಗಡ್ಡೆ, ಕೆಲವು ಧೂಳಿನಷ್ಟು, ಕೆಲವು ಮನೆಯಷ್ಟು, ಒಂದೊಂದೂ ಪುಟ್ಟ ಚಂದ್ರನ ಹಾಗೆ ತನ್ನ ಪಾಡಿಗೆ ಶನಿಯನ್ನು ಸುತ್ತುತ್ತಿರುತ್ತದೆ. ಮುಖ್ಯ ಉಂಗುರಗಳ ಅಗಲ ಈ ತುದಿಯಿಂದ ಆ ತುದಿಗೆ ಸುಮಾರು 2,70,000 ಕಿ.ಮೀ., ದಪ್ಪ ಮಾತ್ರ ಬಹುತೇಕ ಕಡೆ ಹತ್ತು ಮೀಟರ್ ಅಷ್ಟೇ! 27 ಕಿ.ಮೀ. ಅಗಲದ ದೋಸೆ ಹುಯ್ದರೆ ಅದು 1 ಮಿ.ಮೀ. ದಪ್ಪ ಇರಬೇಕು, ಅಷ್ಟು ತೆಳು. ಅಂಚಿನಿಂದ ನೋಡಿದರೆ ಕಾಣುವುದಾದರೂ ಹೇಗೆ?

ಗ್ರಹ ಮಾತ್ರ ಭಾರಿ ದೊಡ್ಡದು. ಒಂಬತ್ತು ಭೂಮಿ ಸಾಲಾಗಿ ಇಟ್ಟರೂ ಅದರ ಅಗಲಕ್ಕೆ ಸಾಲದು. ಹೆಚ್ಚಾಗಿ ಹೈಡ್ರೋಜನ್, ಹೀಲಿಯಂ, ಕಾಲಿಡಲು ನೆಲ ಇಲ್ಲ.

ಅಜ್ಜಿ ಮಾತಿಗೆ ಬರೋಣ. ನೋಡಿದರೆ ಏನೂ ಆಗುವುದಿಲ್ಲ, ಅದು ನೂರು ಕೋಟಿ ಕಿಲೋಮೀಟರಿಗೂ ದೂರ ಇದೆ. ಆದರೆ ಶನೈಶ್ಚರ ಅಂದರೆ ಮೆಲ್ಲಗೆ ನಡೆಯುವವನು ಅಂತ. ಒಂದು ರಾಶಿ ದಾಟಲು ಅದಕ್ಕೆ ಎರಡೂವರೆ ವರ್ಷ ಬೇಕು ಅನ್ನುವುದನ್ನು ನಮ್ಮ ಹಿಂದಿನವರು ಬರಿಗಣ್ಣಲ್ಲೇ ಕಂಡುಕೊಂಡಿದ್ದರು! ಇದನ್ನು ಅಜ್ಜಿಗೆ ಹೇಳು, ಅವರನ್ನೂ ಕರೆದುಕೊಂಡು ಹೋಗಿ ತೋರಿಸು. ಬರಿಗಣ್ಣಿಗೆ ಅದು ಅಷ್ಟಾಗಿ ಮಿನುಗದ ತಿಳಿಹಳದಿ ಚುಕ್ಕಿ, ಉಂಗುರ ಬೇಕಂದರೆ ಸಣ್ಣ ಟೆಲಿಸ್ಕೋಪ್ ಸಾಕು. ಈಗ ವರ್ಷ ವರ್ಷ ಉಂಗುರ ಅಗಲವಾಗುತ್ತಾ ಹೋಗುತ್ತದೆ, 2032ರ ಹೊತ್ತಿಗೆ ನಿನ್ನ ಪುಸ್ತಕದ ಚಿತ್ರದ ಹಾಗೇ ಕಾಣುತ್ತದೆ.