ಪರದೆ ಪ್ರಶ್ನೆ: ದೆವ್ವ ಬರುವ ಮೊದಲೇ ಹೇಳಿಬಿಟ್ಟರೆ?

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾರರ್ ಸಿನಿಮಾದ್ದೇ. ನಾನು ಅಂಧೇರಿಯ ಡಬ್ಬಿಂಗ್ ಸ್ಟುಡಿಯೋಗಳಲ್ಲಿ ಸಿನಿಮಾಕ್ಕೆ ಸದ್ದು ಕೂಡಿಸುತ್ತಾ ತಲೆ ನರೆಸಿಕೊಂಡವನು. ಹಾಗಾಗಿ ನನ್ನ ಉತ್ತರಗಳು ಕಣ್ಣಿಗಿಂತ ಕಿವಿಯ ಕಡೆಗೇ ವಾಲಿರುತ್ತವೆ. ಓದುವವರು ಸ್ವಲ್ಪ ಸುಧಾರಿಸಿಕೊಳ್ಳಬೇಕು.

ದೆವ್ವ, ಭೂತ ಯಾವುದನ್ನೂ ನಂಬುವವನಲ್ಲ ನಾನು. ಆದರೂ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಹಾರರ್ ನೋಡಿದರೆ ಆಮೇಲೆ ಹಾಸ್ಟೆಲಿನ ಬಾತ್‌ರೂಮಿಗೆ ಹೋಗಲು ಧೈರ್ಯ ಸಾಲುವುದಿಲ್ಲ. ಯಾಕೆ ಸರ್?
– ವಿದ್ಯಾರ್ಥಿ, ಪುಣೆ

ನಂಬಿಕೆಯ ಮಾತು ಬಿಡಪ್ಪ, ನಿನ್ನ ಮೈ ನಿನ್ನ ಅಪ್ಪಣೆಗೆ ಕಾಯುವುದಿಲ್ಲ. ದೊಡ್ಡ ಸದ್ದು ಫಕ್ಕನೆ ಬಿದ್ದರೆ ಮೊದಲು ರೆಪ್ಪೆ ಮುಚ್ಚುತ್ತದೆ, ಹೆಗಲು ಮೇಲೇಳುತ್ತದೆ. 'ಇದು ಸಿನಿಮಾ' ಎಂದು ಬುದ್ಧಿ ಹೇಳುವುದು ಅದಾದ ಮೇಲೆ.

ಸದ್ದಿನಲ್ಲೂ ಜಾತಿಗಳಿವೆ. ಅಮೆರಿಕದಲ್ಲಿ ಡೇನಿಯಲ್ ಬ್ಲೂಮ್‌ಸ್ಟೀನ್ ಎಂಬ ಪ್ರಾಣಿವಿಜ್ಞಾನಿ ಇದ್ದಾರೆ. ಅವರು ಅಭ್ಯಾಸ ಮಾಡುತ್ತಿದ್ದದ್ದು ಮಾರ್ಮಾಟ್ ಎಂಬ ಅಳಿಲಿನ ಕುಲದ ಬೆಟ್ಟದ ಪ್ರಾಣಿಯನ್ನು. ಅದರ ಮರಿ ಕೈಗೆ ಸಿಕ್ಕು ಗಾಬರಿಯಾದಾಗ ದನಿ ಒಡೆದು, ಕರ್ಕಶವಾಗಿ, ಎತ್ತೆತ್ತಲೋ ಹಾರುತ್ತದಂತೆ. ಸಿನಿಮಾದವರೂ ಇದೇ ದನಿಯಿಂದ ನಮ್ಮನ್ನು ಹೆದರಿಸುತ್ತಾರೋ ಎಂಬ ಗುಮಾನಿ ಅವರಿಗೆ ಬಂತು. ನೂರಕ್ಕೂ ಹೆಚ್ಚು ಚಿತ್ರಗಳ ದೃಶ್ಯಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಹಾರರ್ ಚಿತ್ರಗಳಲ್ಲಿ ಇಂಥ ಒಡಕು ಕಿರುಚಾಟ ಧಾರಾಳವಾಗಿತ್ತು. ನಾವು ಸ್ಟುಡಿಯೋದವರು ಯಾವ ಪುಸ್ತಕವನ್ನೂ ಓದದೆ ಇದೇ ಕೆಲಸ ಮಾಡುತ್ತಿದ್ದೆವು.

ನನ್ನ ಕೇಳಿದರೆ ಕಿರುಚಾಟ ಸುಲಭದ ಕೆಲಸ. ಕಷ್ಟ ಇರುವುದು ಅದಕ್ಕೆ ಮುಂಚಿನ ಅರ್ಧ ನಿಮಿಷದಲ್ಲಿ. ಹೆಂಗಸೊಬ್ಬಳು ಕೋಣೆಯಲ್ಲಿ ಒಬ್ಬಳೇ ಇದ್ದಾಳೆ ಅನ್ನಿ. ಫ್ಯಾನಿನ ಗುಂಯ್, ಕೆಳಗಡೆ ರಿಕ್ಷಾ, ಪಕ್ಕದ ಮನೆಯ ಕುಕ್ಕರ್ ಎಲ್ಲ ಮೊದಲು ಹಾಕುತ್ತೇವೆ. ಆಮೇಲೆ ಪ್ರೇಕ್ಷಕನಿಗೆ ಗೊತ್ತಾಗದ ಹಾಗೆ ಒಂದೊಂದಾಗಿ ತೆಗೆಯುತ್ತಾ ಬರುತ್ತೇವೆ. ರಿಕ್ಷಾ ಹೋಯಿತು, ಕುಕ್ಕರ್ ಹೋಯಿತು, ಕೊನೆಗೆ ಫ್ಯಾನೂ ಹೋಯಿತು. ಏನು ಕಡಿಮೆಯಾಯಿತೆಂದು ಯಾರಿಗೂ ಹೊಳೆಯುವುದಿಲ್ಲ, ಆದರೆ ಥಿಯೇಟರಿನಲ್ಲಿ ಪ್ರತಿಯೊಬ್ಬರೂ ಕಿವಿ ನಿಮಿರಿಸಿರುತ್ತಾರೆ. ಆಗ ಒಂದು ಸ್ಟೀಲ್ ಲೋಟ ಬಿದ್ದರೂ ಸಾಕು. (ಮುಂಬಯಿಯವರ ಮೇಲೆ ಇದು ಇನ್ನೂ ಚೆನ್ನಾಗಿ ನಡೆಯುತ್ತದೆ. ಲೋಕಲ್ ಟ್ರೈನಿನ ಸದ್ದಿಲ್ಲದಿದ್ದರೆ ನಮಗೆ ಹೇಗೂ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ.)

1942ರ 'ಕ್ಯಾಟ್ ಪೀಪಲ್' ಚಿತ್ರದಲ್ಲಿ ಇದಕ್ಕೊಂದು ಹಳೆಯ ಪಾಠವಿದೆ. ರಾತ್ರಿ ಹೆಂಗಸೊಬ್ಬಳು ಬೇಗಬೇಗ ನಡೆಯುತ್ತಿದ್ದಾಳೆ, ಹಿಂದೆ ಮೃಗವಾಗಿ ಬದಲಾಗುವಳೆಂಬ ಗುಮಾನಿಯಿರುವ ಇನ್ನೊಬ್ಬಳ ಹೆಜ್ಜೆ ಸದ್ದು. ಆ ಹೆಜ್ಜೆ ನಿಂತುಹೋಗುತ್ತದೆ. ಮೃಗವೇ ಮೇಲೆ ಬಿತ್ತು ಎನ್ನುವಷ್ಟರಲ್ಲಿ ಬುಸ್ಸೆಂದು ನುಗ್ಗಿ ಬರುವುದು ಸಿಟಿ ಬಸ್ಸು! ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಿನಲ್ಲಿ ಈ ತಂತ್ರವನ್ನು ಇಂದಿಗೂ 'ಲ್ಯೂಟನ್ ಬಸ್' ಎನ್ನುತ್ತಾರೆ.

ನಿನಗೊಂದು ಸಲಹೆ: ಹೆಡ್‌ಫೋನ್ ತೆಗೆದಿಟ್ಟು ನೋಡು. ಬಾತ್‌ರೂಮಿನ ದಾರಿ ತಾನಾಗಿ ಹತ್ತಿರವಾಗುತ್ತದೆ.

ಹೆದರಿಕೆಯ ಸೀನ್ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಆದರೂ ಹೆದರಿಕೆ ಹೋಗುವುದಿಲ್ಲ.
– ಗೃಹಿಣಿ, ಘಾಟ್ಕೋಪರ್

ಮುಚ್ಚಬೇಕಾದ್ದು ಕಿವಿಯನ್ನು, ತಾಯಿ! ಮೂಲಂಗಿಗೆ ಒದ್ದೆ ಬಟ್ಟೆ ಸುತ್ತಿ ಮೈಕಿನ ಮುಂದೆ ಲಟಕ್ಕನೆ ಮುರಿದರೆ ಕತ್ತಿನ ಎಲುಬು ಮುರಿದಂತೆ ಕೇಳುತ್ತದೆ. ನೀವು ಕಣ್ಣು ಮುಚ್ಚಿ ಹೆದರಿದ್ದು ಆ ಮೂಲಂಗಿಗೆ. 1960ರ 'ಸೈಕೋ'ದಲ್ಲಿ ಸ್ನಾನದ ಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಗೀತಗಾರ ಬರ್ನಾರ್ಡ್ ಹೆರ್ಮನ್ ಮಾತು ಕೇಳದೆ ಬರೀ ತಂತಿವಾದ್ಯಗಳ ಚೀರಾಟ ಬರೆದು ಕೇಳಿಸಿದರು, ಯಜಮಾನರು ಒಪ್ಪಿಕೊಂಡರು. ಟಿವಿಯ ದನಿ ಪೂರಾ ಇಳಿಸಿ ಆ ದೃಶ್ಯ ಒಮ್ಮೆ ನೋಡಿ.

ನಮ್ಮ ಯಜಮಾನರು ಸಿನಿಮಾ ನೋಡುವಾಗ ಪಕ್ಕದಲ್ಲೇ ಕೂತು 'ಈಗ ಕಿಟಕಿ ಹತ್ತಿರ ಬರ್ತದೆ ನೋಡು' ಅಂತ ಮೊದಲೇ ಹೇಳಿಬಿಡುತ್ತಾರೆ. ಮಜಾ ಹಾಳಾಗುವುದಿಲ್ಲವೇ?
– ಓದುಗಿ, ಡೊಂಬಿವಲಿ

ಅರ್ಧ ಹಾಳು, ಅರ್ಧ ಲಾಭ. ಹಿಚ್‌ಕಾಕ್ ಒಂದು ಉದಾಹರಣೆ ಕೊಡುತ್ತಿದ್ದರು. ಮೇಜಿನ ಕೆಳಗೆ ಬಾಂಬಿದೆ, ಇಬ್ಬರು ಹರಟುತ್ತಿದ್ದಾರೆ. ಪ್ರೇಕ್ಷಕರಿಗೆ ಏನೂ ಗೊತ್ತಿಲ್ಲದೆ ಬಾಂಬು ಸಿಡಿದರೆ ಹದಿನೈದು ಸೆಕೆಂಡಿನ ಆಘಾತ. ಬಾಂಬಿರುವುದು ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷದ ಚಡಪಡಿಕೆ. ನಿಮ್ಮವರು ಗೊತ್ತಿಲ್ಲದೆಯೇ ಆ ಬಾಂಬನ್ನು ನಿಮಗೆ ತೋರಿಸುತ್ತಿದ್ದಾರೆ. ಕಿಟಕಿಯನ್ನೇ ನೋಡುತ್ತಾ ಉಸಿರು ಬಿಗಿಹಿಡಿದಿದ್ದೀರಲ್ಲ, ಆ ಹೊತ್ತು ಅವರು ಕೊಟ್ಟದ್ದು. ಬೆಚ್ಚಿ ಬೀಳುವ ಆ ಒಂದು ಕ್ಷಣ ಮಾತ್ರ ಕಸಿದುಕೊಂಡರು.

'ಕಿಟಕಿ' ಎಂದಷ್ಟೇ ಹೇಳಲಿ, 'ಯಾವಾಗ' ಎಂದು ಹೇಳದಿರಲಿ. ಅಷ್ಟು ಕರಾರು ಮಾಡಿಕೊಳ್ಳಿ. ಕೇಳದಿದ್ದರೆ ಅವರಿಗೆ ಬಾಯಿ ತುಂಬ ಚಕ್ಕುಲಿ ಕೊಟ್ಟು ಕೂರಿಸಿ.

'ಆಪ್ತಮಿತ್ರ'ವನ್ನು ಮಂಗಳೂರಿನಲ್ಲಿ ನೋಡಿದ್ದೆ. 2007ರಲ್ಲಿ ಅದೇ ಕಥೆಯ ಹಿಂದಿ 'ಭೂಲ್ ಭುಲಯ್ಯಾ'ಕ್ಕೆ ಆಫೀಸಿನವರ ಜೊತೆ ಹೋಗಿ ಇಂಟರ್ವಲ್‌ನಲ್ಲಿ ಸಮೋಸಾ ತಿನ್ನುತ್ತಾ ಗುಟ್ಟು ಹೇಳಿಬಿಟ್ಟೆ. ಒಬ್ಬ ಗೆಳೆಯ ಈಗಲೂ ಅದನ್ನೇ ಎತ್ತಿ ಆಡುತ್ತಾನೆ. ಅದು ಅಷ್ಟು ದೊಡ್ಡ ಅಪರಾಧವೇ?
– ಬ್ಯಾಂಕ್ ಉದ್ಯೋಗಿ, ವಾಶಿ

ಹೌದು ಮಾರಾಯ್ರೆ. ಗೆಳೆಯನ ಕಡೆಗೇ ನನ್ನ ಓಟು.

2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಹನ್ನೆರಡು ಸಣ್ಣಕಥೆಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಕೆಲವರಿಗೆ ಕೊನೆಯನ್ನು ಮೊದಲೇ ತಿಳಿಸಿದ್ದರು. ಒಟ್ಟಿನಲ್ಲಿ ಹಾಗೆ ತಿಳಿದು ಓದಿದವರೇ ಕಥೆ ಹೆಚ್ಚು ಹಿಡಿಸಿತು ಎಂದರು. ಅದಾದ ಮೇಲೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಉಲ್ಟಾ ಉತ್ತರವೂ ಬಂದಿದೆ. ನಿಮ್ಮ ಗೆಳೆಯನ ಮುಂದೆ ಆ ಮೊದಲಿನದನ್ನು ಸಾಕ್ಷಿಗೆ ಕರೆಯಬೇಡಿ. ಅದು ಕೂತು ಓದುವ ಕಥೆಯ ಮಾತು. ಅಲ್ಲದೆ ಅಲ್ಲಿ ಕೊನೆ ಹೇಳಿದ್ದು ಓದುವ ಮೊದಲು. ನೀವು ಹೇಳಿದ್ದು ಇಂಟರ್ವಲ್‌ನಲ್ಲಿ! ಅಷ್ಟು ಹೊತ್ತು ಆತ ಒಬ್ಬೊಬ್ಬರ ಮೇಲೂ ಸಂಶಯಪಟ್ಟು ತನ್ನದೇ ಲೆಕ್ಕ ಹಾಕಿಕೊಂಡಿದ್ದ. ಆ ಲೆಕ್ಕ ತಾಳೆ ನೋಡುವ ಸುಖ ನೀವು ತಿಂದಿರಿ.

ಇನ್ನೊಂದು ಮಾತು. ಕೆಲವು ಚಿತ್ರಗಳ ಜೀವ ಇರುವುದು ಒಗಟಿನಲ್ಲಿ, ಕೆಲವದರ ಜೀವ ಭಯದಲ್ಲಿ. ಒಗಟು ಒಂದು ಸಲ ಒಡೆದರೆ ಮುಗಿಯಿತು. ಅದಕ್ಕೇ 1955ರ ಫ್ರೆಂಚ್ ಚಿತ್ರ 'ಲೆ ಡಿಯಾಬೊಲಿಕ್' ಮುಗಿದೊಡನೆ ಪರದೆಯ ಮೇಲೆ 'ಗೆಳೆಯರಿಗೆ ಹೇಳಬೇಡಿ' ಎಂಬ ವಿನಂತಿ ಬರುತ್ತದೆ. 'ಸೈಕೋ' ಶುರುವಾದ ಮೇಲೆ ಬಂದವರನ್ನು ಥಿಯೇಟರಿನ ಒಳಗೇ ಬಿಡುತ್ತಿರಲಿಲ್ಲ. ಭಯ ಹಾಗಲ್ಲ, ಮತ್ತೆ ಮತ್ತೆ ಬರುತ್ತದೆ. 2018ರಲ್ಲಿ ಬಂದ ಹಿಂದಿ ಹಾರರ್ 'ತುಂಬಾಡ್' 2024ರ ಸೆಪ್ಟೆಂಬರಿನಲ್ಲಿ ಮತ್ತೆ ಥಿಯೇಟರಿಗೆ ಬಂದು ಮೊದಲ ಸಲಕ್ಕಿಂತ ಹೆಚ್ಚು ದುಡಿಯಿತು. ಅಷ್ಟರಲ್ಲಿ ಎಷ್ಟೋ ಜನ ಅದನ್ನು ಮನೆಯಲ್ಲೇ ನೋಡಿ ಮುಗಿಸಿದ್ದರು. ಅದರ ಪಾಳು ಬಂಗಲೆಯ ಬಾವಿಯ ತಳದಲ್ಲಿ ಏನಿದೆಯೆಂದು ಗೊತ್ತಿದ್ದೂ ಟಿಕೆಟ್ ತೆಗೆದರು. ಕೀಚಕ ಸಾಯುವುದು ಗೊತ್ತಿದ್ದೂ ಯಕ್ಷಗಾನಕ್ಕೆ ರಾತ್ರಿಯಿಡೀ ನಿದ್ದೆಗೆಡುವವರು ನಾವು, ಇದರಲ್ಲಿ ನಮಗೇನು ಆಶ್ಚರ್ಯ?

'ಆಪ್ತಮಿತ್ರ'ದ ಕಥೆಯಲ್ಲಿ ಎರಡೂ ಇವೆ. ನೀವು ಒಂದನ್ನು ಮಾತ್ರ ಕೊಂದಿರಿ. ಶಿಕ್ಷೆ ಅರ್ಧಕ್ಕೆ ಇಳಿಸಲಾಗಿದೆ.

ಹಳೆಯ ರಾಮ್ಸೆ ಬ್ರದರ್ಸ್ ಚಿತ್ರಗಳು ಈಗ ನಗು ಬರಿಸುತ್ತವಲ್ಲ?
– ಓದುಗರು, ಕಲ್ಯಾಣ್

ಮುಖ ತೋರಿಸಿದರು, ಅದಕ್ಕೆ. 1984ರ 'ಪುರಾನಾ ಮಂದಿರ್'ನ ಭೂತವನ್ನು ಕತ್ತಲಲ್ಲಿ ಕಂಡಾಗ ನಡುಗಿದವರು, ಬೆಳಕಿನಲ್ಲಿ ಮೇಕಪ್ಪಿನ ಅಂಚು ಹುಡುಕತೊಡಗಿದರು. 1975ರ 'ಜಾಸ್'ನಲ್ಲಿ ಯಂತ್ರದ ಶಾರ್ಕ್ ಪದೇಪದೇ ಕೆಟ್ಟು ನಿಂತದ್ದರಿಂದ ಅದನ್ನು ಹೆಚ್ಚು ತೋರಿಸಲಾಗಲಿಲ್ಲ. ಚಿತ್ರ ಬದುಕಿದ್ದೇ ಅದರಿಂದ. ನಮ್ಮ ಮಲಾಡಿನ ಬಾಂಬೆ ಟಾಕೀಸ್ 1949ರಲ್ಲಿ 'ಮಹಲ್' ತೆಗೆದಾಗ ಮುಖವಾಡವನ್ನೇ ಬಳಸಲಿಲ್ಲ. 'ಆಯೇಗಾ ಆನೇವಾಲಾ' ಹಾಡಿನ ಆರಂಭಕ್ಕೆ ಲತಾ ಮಂಗೇಶ್ಕರ್ ಕೋಣೆಯ ದೂರದ ಮೂಲೆಯಲ್ಲಿ ನಿಂತು ಹಾಡುತ್ತಾ ಮೈಕಿನ ಹತ್ತಿರ ನಡೆದು ಬಂದರಂತೆ, ಅವರೇ ಹೇಳಿಕೊಂಡದ್ದು. ಇವತ್ತು ಒಂದು ಗುಂಡಿ ತಿರುಗಿಸಿದರೆ ಆಗುವ ಕೆಲಸ. ಆದರೆ ನಡೆದು ಬಂದ ದನಿಯ ಗಮ್ಮತ್ತೇ ಬೇರೆ.

ಹಾರರ್ ನೋಡಲು ಥಿಯೇಟರ್ ಒಳ್ಳೆಯದೋ, ಮನೆಯ ಟಿವಿಯೋ?
– ಓದುಗರು, ಮಾಟುಂಗಾ

ಥಿಯೇಟರ್. ಟಿವಿಯ ಸಣ್ಣ ಸ್ಪೀಕರಿಗೆ ಎದೆ ನಡುಗಿಸುವ ತಗ್ಗು ದನಿ ಹೊರಡಿಸುವ ತಾಕತ್ತಿಲ್ಲ. ಮನೆಯಲ್ಲಿ ಹೆದರಿಕೆಯಾದರೆ ಪಾಜ್ ಒತ್ತಿ ಚಹಾ ಮಾಡಲು ಏಳುತ್ತೀರಿ, ಅಲ್ಲಿಗೆ ನಾವು ಕಟ್ಟಿದ್ದೆಲ್ಲ ನೀರುಪಾಲು. ಸೀಟು ಸಾಲಿನ ನಟ್ಟನಡುವೆ, ಪರದೆಯಿಂದ ಮೂರರಲ್ಲಿ ಎರಡು ಪಾಲು ಹಿಂದೆ ಇರಲಿ. ಸದ್ದು ಹದ ಮಾಡುವಾಗ ನಾವು ಕೂರುವುದು ಸುಮಾರು ಅಲ್ಲೇ. ಕುರುಕಲು ತಿನ್ನುವವರ ಪಕ್ಕ ಮಾತ್ರ ಬೇಡ.