ದೂರು ಬಂತು, ಈಗೇನು ಮಾಡೋಣ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಸಾಲ ಕೊಡಿಸುವ ವೃತ್ತಿಯವರ ಸಂಘ, ಸದಸ್ಯರ ನಡತೆಯನ್ನು ವಿಚಾರಿಸುವ ಅದರ ನೀತಿ ಸಮಿತಿ, ಅಲ್ಲಿಗೆ ಬರುವ ದೂರು. ಅಂಥದ್ದೊಂದು ಸಮಿತಿಯಲ್ಲಿ ನಾನು 11 ವರ್ಷ ಕೂತಿದ್ದೆ, ಕೊನೆಯ 6 ವರ್ಷ ಅಧ್ಯಕ್ಷೆಯಾಗಿ. ಹಾಗಾಗಿ ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ನಮ್ಮ ಸಂಘದ ನೀತಿ ಸಮಿತಿಗೆ ಹೊಸ ಅಧ್ಯಕ್ಷ. ಸದಸ್ಯರೊಬ್ಬರು ಖಾಲಿ ಅರ್ಜಿಗೆ ಸಹಿ ಹಾಕಿಸಿಕೊಂಡು, ಆಮೇಲೆ ಆದಾಯವನ್ನು ಜಾಸ್ತಿ ಬರೆದರು ಅಂತ ಒಬ್ಬ ಸಾಲಗಾರರು ದೂರು ಕೊಟ್ಟಿದ್ದಾರೆ. ಆ ಸದಸ್ಯ ನನ್ನ ಹಳೆಯ ಗೆಳೆಯ. ಫೋನ್ ಮಾಡಿ "ಏನಪ್ಪಾ ಇದು" ಅಂತ ಕೇಳಿಬಿಡಲಾ? ಅರ್ಧ ಗಂಟೆಯಲ್ಲಿ ಮುಗಿಯುತ್ತೆ ಅನ್ನಿಸುತ್ತೆ.

ಉತ್ತರ: ಬೇಡ. ಫೋನ್ ಕೆಳಗಿಡಿ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನಾನೂ ಒಮ್ಮೆ ಹೀಗೇ ಫೋನ್ ಮಾಡಿದ್ದೆ. ಸಮಿತಿಗೆ ಸೇರಿದ ಎರಡನೇ ವರ್ಷ. ಜತೆಯಲ್ಲಿ ಕೆಲಸ ಮಾಡಿದ್ದ ಒಬ್ಬರ ಮೇಲೆ ದೂರು ಬಂದಿತ್ತು. "ಸ್ವಲ್ಪ ಜೋಪಾನ, ನಿಮ್ಮ ಮೇಲೆ ಕಾಗದ ಬಂದಿದೆ" ಅಂದೆ, ಅಷ್ಟೇ. ಮಾರನೆಯ ದಿನ ದೂರುದಾರರು ದೂರನ್ನೇ ವಾಪಸ್ ತೆಗೆದುಕೊಂಡರು. ರಾತ್ರಿ ಏನು ಮಾತಾಯಿತು, ಬೇಡಿಕೊಂಡರೋ ಹೆದರಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಫೈಲಿನಲ್ಲಿ ಉಳಿದದ್ದು ಎರಡೇ ಹಾಳೆ.

ನೀವು ಮಾಡಬೇಕಾದ್ದು ಚಿಕ್ಕ ಕೆಲಸ. "ಈ ಸದಸ್ಯರು ನನ್ನ ಗೆಳೆಯರು, ಈ ದೂರಿನಿಂದ ಹಿಂದೆ ಸರಿಯುತ್ತೇನೆ" ಅಂತ ಕಾರ್ಯದರ್ಶಿಗೆ ಒಂದು ಸಾಲು ಬರೆದುಕೊಡಿ. ಫೈಲು ಇನ್ನೊಬ್ಬರ ಕೈಗೆ ಹೋಗಲಿ. ಹಿಂದೆ ಸರಿಯುವುದು ಅಂದರೆ ಸಭೆಯಲ್ಲಿ ಬಾಯಿ ಮುಚ್ಚಿ ಕೂರುವುದಲ್ಲ, ಎದ್ದು ಹೊರಗೆ ಹೋಗುವುದು.

"ನಾನು ಪಕ್ಷಪಾತ ಮಾಡಲ್ಲ" ಅಂತ ನಿಮಗೆ ಅನ್ನಿಸಬಹುದು. ನಿಜವೇ ಇರಬಹುದು. ಆದರೆ ಪ್ರಶ್ನೆ ಅದಲ್ಲ, ನೋಡುವವರಿಗೆ ಅನುಮಾನ ಬರುವಂತಿದೆಯಾ ಅನ್ನುವುದು. 1852ರಲ್ಲಿ ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್, ಲಾರ್ಡ್ ಕಾಟನ್‌ಹ್ಯಾಮ್ ಎಂಬ ಲಾರ್ಡ್ ಛಾನ್ಸಲರ್ (ಆಗಿನ ಹಿರಿಯ ನ್ಯಾಯಾಧೀಶರು) ಕೊಟ್ಟಿದ್ದ ತೀರ್ಪನ್ನೇ ರದ್ದು ಮಾಡಿತು. ಅವರು ಒಂದು ಕಾಲುವೆ ಕಂಪನಿಯ ಪರವಾಗಿ ತೀರ್ಪು ಕೊಟ್ಟಿದ್ದರು. ಆ ಕಂಪನಿಯಲ್ಲಿ ಅವರ ಷೇರುಗಳಿದ್ದವು. ಷೇರಿನ ಆಸೆಗೆ ಹಾಗೆ ಮಾಡಿದರು ಅಂತ ತೀರ್ಪು ರದ್ದು ಮಾಡಿದವರೂ ಹೇಳಲಿಲ್ಲ. 1923ರ ಇನ್ನೊಂದು ಪ್ರಕರಣ ನನಗೆ ಇನ್ನೂ ಇಷ್ಟ. ಅಪಘಾತವೊಂದರಲ್ಲಿ ಮೋಟಾರ್ ಸೈಕಲ್ ಸವಾರನಿಗೆ ಶಿಕ್ಷೆಯಾಗಿತ್ತು. ತೀರ್ಪು ಯೋಚಿಸಲು ನ್ಯಾಯಾಧೀಶರು ಒಳಗೆ ಹೋದಾಗ ವಕೀಲನೂ ಆಗಿದ್ದ ಅವರ ಗುಮಾಸ್ತ ಜತೆಗೆ ಹೋದ. ಅವನ ವಕೀಲಿ ಕಚೇರಿ ಅದೇ ಸವಾರನ ವಿರುದ್ಧ ಪರಿಹಾರದ ಕೇಸು ನಡೆಸುತ್ತಿತ್ತು. ಒಳಗೆ ಅವನನ್ನು ಯಾರೂ ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ. ಆದರೂ ಶಿಕ್ಷೆ ರದ್ದಾಯಿತು. ಸುಮ್ನೆ ಕೂತಿದ್ದೇ ಸಾಕಾಯಿತು, ನೋಡಿ.

ಇನ್ನೊಂದು ವಿಷಯ. ಆದಾಯ ತಿದ್ದಿದ್ದಾರೆ ಎಂಬ ದೂರು ಬರೀ ನೀತಿಯ ಮಾತಲ್ಲ, ಅಪರಾಧವೂ ಆಗಬಹುದು. ನಿಮ್ಮ ಜಾಗಕ್ಕೆ ಬರುವವರು ಮೊದಲು ಸಂಘದ ವಕೀಲರನ್ನು ಕೇಳಲಿ. ಪೊಲೀಸರೋ ಲೈಸೆನ್ಸ್ ಕೊಟ್ಟವರೋ ತನಿಖೆ ಶುರು ಮಾಡಿದ್ದರೆ ಸಮಿತಿಯ ವಿಚಾರಣೆಯನ್ನು ತಡೆಹಿಡಿಯಬೇಕಾಗಬಹುದು. ತಡೆಹಿಡಿಯುವುದು ಬೇರೆ, ಮುಚ್ಚಿಹಾಕುವುದು ಬೇರೆ. ಯಾವಾಗ ಮತ್ತೆ ತೆರೆಯುತ್ತೀರಿ ಅಂತ ಫೈಲಿನ ಮೇಲೆ ಬರೆದಿಡಿ.

ಪ್ರಶ್ನೆ: ಬಡ್ಡಿ ಬದಲಾಗುವುದೇ ಇಲ್ಲ ಅಂತ ನಂಬಿಸಿ ಒಬ್ಬ ಏಜೆಂಟರು ಸಾಲ ಕೊಡಿಸಿದರು. ಎರಡು ವರ್ಷಕ್ಕೆ ಬಡ್ಡಿ ಏರಿತು. ಸಾಲ ಕೊಟ್ಟವರಿಂದ ಅವರಿಗೆ ಕಮಿಷನ್ ಬಂದದ್ದೂ ಆಮೇಲೆ ಗೊತ್ತಾಯಿತು. ಅವರ ಸಂಘಕ್ಕೆ ದೂರು ಕೊಟ್ಟರೆ ನನ್ನ ದುಡ್ಡು ವಾಪಸ್ ಬರುತ್ತಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಇದನ್ನು ಮೊದಲೇ ಹೇಳದೆ ಜನರನ್ನು ತಿಂಗಳುಗಟ್ಟಲೆ ಅಲೆಸುವ ಸಂಘಗಳ ಮೇಲೆ ನನಗೆ ಸಿಟ್ಟಿದೆ. ಸಂಘದ ಕೈ ಸದಸ್ಯತ್ವದವರೆಗೆ ಮಾತ್ರ ಹೋಗುತ್ತದೆ. ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ತರಬೇತಿಗೆ ಕಳಿಸಬಹುದು, ಅಮಾನತು ಮಾಡಬಹುದು, ಹೊರಹಾಕಬಹುದು. ದುಡ್ಡಿನ ವಿಷಯಕ್ಕೆ ಸಾಲ ಕೊಟ್ಟ ಸಂಸ್ಥೆಯ ದೂರು ವಿಭಾಗ, ಓಂಬುಡ್ಸ್‌ಮನ್ (ಗ್ರಾಹಕರ ದೂರು ಕೇಳುವ ಸ್ವತಂತ್ರ ಅಧಿಕಾರಿ) ಇದ್ದರೆ ಅವರು, ಕೊನೆಗೆ ಕೋರ್ಟು. ಅಲ್ಲೆಲ್ಲ ಕಾಲಮಿತಿ ಇರುತ್ತದೆ. ಸಂಘದ ತೀರ್ಮಾನಕ್ಕೆ ಕಾಯುತ್ತಾ ಕೂತರೆ ಗಡಿಯಾರ ನಿಲ್ಲುವುದಿಲ್ಲ. ಎರಡೂ ಕಡೆ ಒಟ್ಟಿಗೇ ಹೋಗಿ.

ಸಂಘಕ್ಕೆ ಬರೆಯುವ ಮುಂಚೆ ಆ ಏಜೆಂಟರು ನಿಜಕ್ಕೂ ಸದಸ್ಯರಾ ಅಂತ ನೋಡಿಕೊಳ್ಳಿ. ವಿಸಿಟಿಂಗ್ ಕಾರ್ಡಿನಲ್ಲಿ ಸಂಘದ ಗುರುತು ಇದ್ದರಷ್ಟೇ ಸಾಲದು. ದೂರು ಒಂದೇ ಪುಟದಲ್ಲಿರಲಿ: ಯಾವ ದಿನ, ಯಾರು, ಏನು ಹೇಳಿದರು, ಅದಕ್ಕೆ ಯಾವ ಕಾಗದ ಇದೆ. "ಮೋಸಗಾರ", "ಕಳ್ಳ" ಅನ್ನುವ ಪದ ಬೇಡ. ನನ್ನ ಕಾಲದಲ್ಲಿ ಹನ್ನೆರಡು ಪುಟ ಬೈಗುಳದ ದೂರೊಂದು ಬಂದಿತ್ತು. ಒಂದು ತಾರೀಕೂ ಇರಲಿಲ್ಲ. ಹಾಗೇ ಇದನ್ನು ವಾಟ್ಸಾಪ್ ಗುಂಪುಗಳಲ್ಲಿ ಹಾಕಬೇಡಿ. ಮಾನನಷ್ಟದ ನೋಟಿಸ್ ನಿಮಗೇ ಬಂದೀತು.

ಪ್ರಶ್ನೆ: ನನ್ನ ಮೇಲೆ ದೂರು ಕೊಟ್ಟವರು ಇದೇ ಕಸುಬಿನ ಪೈಪೋಟಿದಾರರು. ಹೊಟ್ಟೆಕಿಚ್ಚು ಅಷ್ಟೇ. ಸಂಘಕ್ಕೆ ರಾಜೀನಾಮೆ ಕೊಟ್ಟರೆ ಮುಗೀತಲ್ವಾ?

ಉತ್ತರ: ಬೈಲಾ, ಅಂದರೆ ಸಂಘದ ನಿಯಮಾವಳಿ, ಓದಿ ನೋಡಿ. ದೂರು ಬಾಕಿ ಇರುವಾಗ ರಾಜೀನಾಮೆ ಒಪ್ಪುವುದಿಲ್ಲ ಅಂತ ಕೆಲವು ಸಂಘಗಳು ಬರೆದಿಟ್ಟುಕೊಂಡಿರುತ್ತವೆ. ಒಪ್ಪಿದರೂ "ವಿಚಾರಣೆ ನಡೆಯುತ್ತಿದ್ದಾಗ ಬಿಟ್ಟುಹೋದರು" ಅಂತ ದಾಖಲಾದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ.

ಹೊಟ್ಟೆಕಿಚ್ಚಿನ ವಿಷಯವನ್ನು ಉತ್ತರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಬಿಡಿ. ಹೊಟ್ಟೆಕಿಚ್ಚಿನಿಂದ ಕೊಟ್ಟ ಕಾಗದವೂ ನಿಜವಾಗಿರಬಹುದು, ಸಮಿತಿ ಕಾಗದವನ್ನೇ ನೋಡುತ್ತದೆ. ನಿಮಗೆ ಕೇಳುವ ಹಕ್ಕಿರುವುದು ಬೇರೆ: ನಾನು ಮುರಿದೆ ಅನ್ನುವ ನಿಯಮ ಯಾವುದು? ಅದಕ್ಕೆ ಆಧಾರವಾದ ಕಾಗದಗಳ ಪ್ರತಿ ಎಲ್ಲಿ? ಉತ್ತರಕ್ಕೆ ಎಷ್ಟು ದಿನ? ನೋಟಿಸಿನಲ್ಲಿ ಇವು ಇಲ್ಲದಿದ್ದರೆ ಬರೆದು ಕೇಳಿ. ಸಿಟ್ಟಾಗಬೇಡಿ, ಎಷ್ಟೋ ಸಲ ಸಮಿತಿಯವರಿಗೇ ಗೊತ್ತಿರುವುದಿಲ್ಲ. ಹಳೆಯ ಫೈಲಿಗೆ ಈಗ ಒಂದು ಅಕ್ಷರವನ್ನೂ ಸೇರಿಸಬೇಡಿ. ಬಿಟ್ಟುಹೋದ ಸಹಿ ಬಿಟ್ಟುಹೋದ ಹಾಗೇ ಇರಲಿ. ಮೂಲ ದೂರಿನಲ್ಲಿ ಬರೀ ಎಚ್ಚರಿಕೆಯಲ್ಲಿ ಮುಗಿಯಬಹುದಾಗಿದ್ದವರು, ಆಮೇಲೆ ತಿದ್ದಿದ್ದಕ್ಕೆ ಸದಸ್ಯತ್ವ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಪ್ರಶ್ನೆ: ಹೆಸರಿಲ್ಲದ ದೂರನ್ನು ಕಸದ ಬುಟ್ಟಿಗೆ ಹಾಕಬಹುದಾ?

ಉತ್ತರ: ಲಕೋಟೆಯಲ್ಲಿ ಬರೀ ಬೈಗುಳ ಇದ್ದರೆ ರಿಜಿಸ್ಟರಿನಲ್ಲಿ ತಾರೀಕು ಬರೆದು ಮುಗಿಸಿ. ಪರೀಕ್ಷಿಸಬಹುದಾದ ಕಾಗದ ಇದ್ದರೆ, ಮತ್ತು ಬೈಲಾ ಒಪ್ಪಿದರೆ, ಸಮಿತಿ ತಾನೇ ದೂರುದಾರನಾಗಿ ಮುಂದುವರಿಯಬಹುದು. ಒಮ್ಮೆ ನಮಗೆ ಬಂದ ಲಕೋಟೆಯಲ್ಲಿ ಪತ್ರವೇ ಇರಲಿಲ್ಲ. ಎರಡು ಸಂಬಳ ಚೀಟಿಗಳಿದ್ದವು. ಅದೇ ಅರ್ಜಿದಾರ, ಅದೇ ತಿಂಗಳು, ಸಂಬಳ ಮಾತ್ರ ಬೇರೆ ಬೇರೆ. ಕಳಿಸಿದವರು ಯಾರು ಅಂತ ನಾವು ಹುಡುಕಲೂ ಹೋಗಲಿಲ್ಲ.