ಅಮ್ಮನ ಜೊತೆ ನಾಲ್ಕು ದಿನ ಅಂದ್ರೆ ನೀಲ್ ದ್ವೀಪಾನೇ

ನಮಸ್ಕಾರ, ಅಮ್ಮನ್ನ ಕರ್ಕೊಂಡು ಪುಣೆಯಿಂದ ಅಂಡಮಾನ್‌ಗೆ ಹೋಗ್ಬೇಕು, ಖರ್ಚು ಕಮ್ಮಿ ಇರ್ಬೇಕು, ಹ್ಯಾವ್‌ಲಾಕ್ ದ್ವೀಪಾನಾ ನೀಲ್ ದ್ವೀಪಾನಾ ಅಂತ ಕೇಳಿದ್ರಲ್ಲ, ಕಣ್ಣು ಮುಚ್ಕೊಂಡು ನೀಲ್‌ಗೆ ಹೋಗಿ. 2018ರಿಂದ ಅದರ ಸರ್ಕಾರಿ ಹೆಸರು ಶಹೀದ್ ದ್ವೀಪ, ಟಿಕೆಟ್ ಮೇಲೆ ಹಾಗೇ ಬರ್ದಿರತ್ತೆ, ಗಾಬರಿ ಆಗ್ಬೇಡಿ. ನಾವು ಡೊಂಬಿವ್ಲಿಯಿಂದ ಫೆಬ್ರವರಿಲಿ ನಮ್ಮತ್ತೆ ಜೊತೆ ಹೋಗಿದ್ವಿ, ಮಂಡಿ ನೋವಿರೋ ಅವರೇ ಇನ್ನೆರಡು ದಿನ ಇರೋಣ ಕಣೆ ಅಂದ್ರು.

ಪೋರ್ಟ್ ಬ್ಲೇರ್‌ನಿಂದ (ಈಗಿನ ಸರ್ಕಾರಿ ಹೆಸರು ಶ್ರೀ ವಿಜಯಪುರಂ) ಸರ್ಕಾರಿ ದೋಣಿಲಿ ಎರಡು ಗಂಟೆ ಚಿಲ್ರೆ, ಖಾಸಗಿ ದೋಣಿಗಿಂತ ತುಂಬಾ ಅಗ್ಗ, ಆದ್ರೆ ಸೀಟು ಬೇಗ ಖಾಲಿ ಆಗತ್ತೆ, ಮೊದ್ಲು ಅದನ್ನ ನೋಡಿ ಆಮೇಲೆ ರೂಮು. ರೂಮು ಸಮುದ್ರದ ಎದುರೇ ಬೇಕು ಅಂತ ದುಡ್ಡು ಸುರೀಬೇಡಿ, ಊರು ಅಷ್ಟು ಚಿಕ್ಕದು, ಬಜಾರ್ ಹತ್ರದ ಸಾದಾ ಲಾಡ್ಜಿಂದ ಎಲ್ಲ ಬೀಚಿಗೂ ಆಟೋ ಸಿಗತ್ತೆ. ಭರತ್‌ಪುರ್ ಬೀಚು ದೋಣಿ ನಿಲ್ಲೋ ಜೆಟ್ಟಿ ಪಕ್ಕದಲ್ಲೇ ಇದೆ, ನೀರು ಆಳ ಇಲ್ಲ, ಅಮ್ಮಂಗೆ ಅದೇ ಸರಿ. ಸೂರ್ಯಾಸ್ತಕ್ಕೆ ಲಕ್ಷ್ಮಣ್‌ಪುರ್ ಬೀಚು, ಆದ್ರೆ ನಮ್ಮ ಮುಂಬೈ ಟೈಮಿನ ಲೆಕ್ಕ ಹಾಕ್ಬೇಡಿ, ಐದೂವರೆಗೆಲ್ಲ ಕತ್ತಲಾಗತ್ತೆ, ನಾಲ್ಕೂವರೆಗೇ ಹೋಗಿ ಕೂತ್ಬಿಡಿ.

ಲಕ್ಷ್ಮಣ್‌ಪುರ್-2 ಅನ್ನೋ ಇನ್ನೊಂದು ಬೀಚಲ್ಲಿರೋ ಕಲ್ಲಿನ ಕಮಾನು ನೋಡೋಕೆ ನೀರು ಇಳಿದಾಗ ಹೋಗ್ಬೇಕು, ದಾರಿ ತುಂಬ ಬಂಡೆ, ಜಾರತ್ತೆ, ಅಮ್ಮನ್ನ ದಯವಿಟ್ಟು ಕರ್ಕೊಂಡ್ ಹೋಗ್ಬೇಡಿ. ಸಸ್ಯಾಹಾರಿಗಳಾ? ಅಂಡಮಾನ್‌ಗೆ ತರಕಾರಿ ಬೆಳೆಯೋ ದ್ವೀಪಾನೇ ಇದು, ಅನ್ನ ಬೇಳೆ ಪಲ್ಯಕ್ಕೆ ಚಿಂತೆ ಇಲ್ಲ. ಕೈಲಿ ನಗದು ಇಟ್ಕೊಳ್ಳಿ, ನೆಟ್‌ವರ್ಕ್ ನಂಬ್ಕೊಂಡು ಹೋಗ್ಬೇಡಿ. ಹವಳದ ಚೂರು ಎತ್ಕೊಂಡು ಬರೋದು ಕಾನೂನು ಪ್ರಕಾರ ತಪ್ಪು, ಅಮ್ಮಂಗೂ ಮೊದ್ಲೇ ಹೇಳಿಡಿ.